ಅಂತೆ ಇಲ್ಲದ ದೆವ್ವ

ನಮ್ಮ ಮನೆಯ ದೆವ್ವಗಳೆಲ್ಲ ‘ಅಂತೆ’ಯ ಹಿಂದೆ ವಾಸವಾಗಿದ್ದವು. ಅಜ್ಜಿ ಹೇಳುವ ಕಥೆಯಲ್ಲಿ ಯಾರೋ ಒಬ್ಬ ಕೆರೆ ಏರಿಯ ಮೇಲೆ ಬರುತ್ತಿದ್ದನಂತೆ, ಹಿಂದಿನಿಂದ ಯಾರೋ ಬೀಡಿಗೆ ಬೆಂಕಿ ಕೇಳಿದರಂತೆ, ತಿರುಗಿ ನೋಡಿದರೆ ಕೇಳಿದವರ ಪಾದ ಹಿಂದುಮುಂದಾಗಿತ್ತಂತೆ. ನೋಡಿದವನನ್ನು ಅಜ್ಜಿಯೂ ನೋಡಿರಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ಬಂದ ಮೇಲೆ ಮನೆಯಲ್ಲಿ ಯಾರು ‘ಅಂತೆ’ ಅಂದರೂ ‘ನೀವು ನೋಡಿದಿರಾ?’ ಎಂದು ಮೇಲೆ ಬೀಳುತ್ತಿದ್ದೆ. ಮದುವೆ ಮಾತುಕತೆಗಳಿಗೆ ನನ್ನನ್ನು ಕರೆಯುವುದನ್ನು ಬಿಟ್ಟದ್ದು ಆಗಲೇ ಇರಬೇಕು.

ವಿಜಯನಗರದ ನಮ್ಮ ಬಡಾವಣೆಯಲ್ಲಿ ಸಿನಿಮಾ ನೋಡಿ ಜಗಳವಾಡುವ ಸಣ್ಣದೊಂದು ಕೂಟವಿದೆ. ‘ಫೌಂಡ್ ಫೂಟೇಜ್’ ದೆವ್ವದ ಸಿನಿಮಾ ಒಂದನ್ನು ಆರಿಸಿಕೊಂಡು ಅದರ ಗುಣವನ್ನೂ ದೋಷವನ್ನೂ ಹೇಳಿ ಎಂದು ಕೂಟದವರು ಕೇಳಿದರು. ಕಾಣೆಯಾದವರ ಕ್ಯಾಮೆರಾ ಆಮೇಲೆ ಸಿಕ್ಕಿತು, ಅದರೊಳಗಿದ್ದುದೇ ಇದು ಎಂದು ನಂಬಿಸುವ ಜಾತಿಯ ಚಿತ್ರಗಳು ಇವು. ನಾನು ಆರಿಸಿಕೊಂಡದ್ದು ಸುಮಾರು ಹನ್ನೆರಡು ವರ್ಷದ ಹಿಂದೆ, ಮೇಟಗಳ್ಳಿಯ ಅಕ್ಕನ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ಕಿಟಕಿಗೆ ಬೆಡ್‌ಶೀಟ್ ಸಿಕ್ಕಿಸಿ ಟಿವಿಯಲ್ಲಿ ನೋಡಿದ ವಿದೇಶಿ ಚಿತ್ರ. ಮೂವರು ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ಪಾಳುಬಿದ್ದ ಹಾಸ್ಟೆಲಿಗೆ ಹೋಗುತ್ತಾರೆ, ವಾಪಸು ಬರುವುದಿಲ್ಲ. ನೋಡಿದವರೂ ಮೂವರೇ: ಅಕ್ಕ, ಭಾವ, ನಾನು; ಅಕ್ಕನ ಕೂಸು ಒಳಕೋಣೆಯಲ್ಲಿ ಮಲಗಿತ್ತು.

ಭಾಷಣದ ಆರಂಭ ಸಿದ್ಧವಾಗಿತ್ತು. ತೆರೆಯ ಮೇಲೆ ಮಂಚದ ಕೆಳಗಿನಿಂದ ಕೈ ಬಂದಾಗ ಅಕ್ಕ ಕಿಟಾರನೆ ಕಿರುಚಿ ಚುರುಮುರಿಯ ಬಟ್ಟಲನ್ನು ಭಾವನ ತಲೆಗೆ ಎಸೆದಳು. ನಾನು ಮಾತ್ರ ಮಿಸುಕದೆ ಬೆಳಕು ಎತ್ತ ಕಡೆಯಿಂದ ಬೀಳುತ್ತಿದೆ ಎಂದು ಗಮನಿಸುತ್ತ ಕೂತಿದ್ದೆ. ಯುಗಾದಿ, ಗೌರಿಹಬ್ಬ, ನಾಮಕರಣ, ಎಲ್ಲೆಲ್ಲಿ ಈ ಕಥೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೈಸ್ಕೂಲಿನಲ್ಲಿರುವ ಅಕ್ಕನ ಮಗಳೂ ಜಿರಲೆ ಕಂಡರೆ, “ಅಮ್ಮನ್ನ ಕರೀಬೇಡಿ, ಬಟ್ಟಲು ಎಸೀತಾಳೆ” ಎನ್ನುತ್ತಾಳೆ.

ಭಾಷಣದ ಸುದ್ದಿ ತಿಳಿದು ಅಕ್ಕ ಫೋನ್ ಮಾಡಿದಳು.

“ಅದ್ನ ಸಭೇಲೂ ಹೇಳ್ತೀಯೇನೋ?”

“ಉದಾಹರಣೆಗೆ ಅಕ್ಕ, ಬರೀ ಉದಾಹರಣೆಗೆ.”

“ಆವತ್ತು ಕಿರುಚಿದ್ದು ನೀನು ಕಣೋ. ಆವತ್ತಿಂದ್ಲೂ ಹೇಳ್ತಾನೇ ಇದೀನಿ, ಒಬ್ರೂ ನಂಬಲ್ಲ. ನೀನು ಓದಿದೋನು ನೋಡು! ನನ್ ಮಗಳೇ ನನ್ನ ನೋಡಿ ನಗ್ತಾಳೆ. ಇನ್ನು ಹೊರಗಿನೋರ ಮುಂದೆನೂ ನಗಾಡ್ಸಿದ್ರೆ ನಿನ್ ಮನೆ ಮೆಟ್ಟಿಲು ತುಳಿಯಲ್ಲ.”

“ಸಾಕ್ಷಿ ಇದ್ಯಾ?” ಎಂದೆ. ಕೇಳಬಾರದಿತ್ತು.

ಸಿನಿಮಾ ನೋಡಿದ ಆ ಭಾನುವಾರದ ಹೊತ್ತಿಗೆ ಭಾವ ಆಗಷ್ಟೇ ಹೊಸ ಫೋನು ಕೊಂಡಿದ್ದರು. ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದ ಅವರು, ಸಿನಿಮಾ ಅರ್ಥವಾಗದೆ ನಮ್ಮಿಬ್ಬರನ್ನೇ ವಿಡಿಯೊ ಮಾಡುತ್ತ ಕೂತಿದ್ದರಂತೆ. ಆ ಫೋನು ಶೋಕೇಸಿನ ಡ್ರಾಯರಿನಲ್ಲಿ ಸತ್ತು ಬಿದ್ದಿತ್ತು. ಅಕ್ಕ ಎರಡು ಅಂಗಡಿ ಅಲೆದು ಅದರ ಮೆಮೊರಿ ಕಾರ್ಡಿನಿಂದ ವಿಡಿಯೊ ತೆಗೆಸಿ, ಭಾವನನ್ನೂ ಎಳೆದುಕೊಂಡು ಶನಿವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಕಾಫಿ ಕೂಡ ಆಮೇಲೆ ಎಂದಳು.

ಈ ಜಾತಿಯ ಚಿತ್ರಗಳ ಮೊದಲ ದೋಷ ಅಲ್ಲೇ ಕಂಡಿತು: ಏನೂ ನಡೆಯುವುದಿಲ್ಲ. ಆರು ನಿಮಿಷ ಭಾವನ ಹೆಬ್ಬೆರಳು, ಫ್ಯಾನು, ಅಕ್ಕನ ಕಿವಿ. ಆದರೆ ಗುಣವೂ ಅದೇ. ಏನೂ ನಡೆಯದಾಗ ಕಣ್ಣು ಮೂಲೆಮೂಲೆ ತಡಕುತ್ತದೆ. ತಡಕಿದಾಗ ಸಿಕ್ಕಿದ್ದು ನನ್ನ ಹಣೆ. ಅದರ ಮೇಲೆ ಮೂರು ಪಟ್ಟೆ ವಿಭೂತಿ.

ದೆವ್ವದ ಸಿನಿಮಾ ಎಂದು ಅಕ್ಕ ಆವತ್ತು ವಿಭೂತಿ ಹಚ್ಚಲು ಬಂದದ್ದು, ನಾನು ಒಲ್ಲೆ ಎಂದದ್ದು ಕೂಡ ನನ್ನ ಕಥೆಯ ಭಾಗವೇ. ಒಲ್ಲೆ ಎಂದ ನನ್ನ ದನಿ ಇವತ್ತಿಗೂ ನನಗೆ ಕೇಳಿಸುತ್ತದೆ.

“ಏನೋ ಇದು?”

“ಟಿವಿ ಬೆಳಕು ಬಿದ್ದಿರಬೇಕು.”

“ಮೂರು ಗೆರೆ ಎಳ್ಕೊಂಡು ಬಿತ್ತೇನೋ ಬೆಳಕು!”

ಅಷ್ಟರಲ್ಲಿ ಕೈ ಬರುವ ದೃಶ್ಯದ ಸದ್ದು ಶುರುವಾಯಿತು. ಚಿತ್ರ ಒಮ್ಮೆಲೇ ಸೂರಿಗೆ ಹಾರಿ, ನೆಲಕ್ಕೆ ಬಿದ್ದು, ಕತ್ತಲಾಯಿತು. ಕತ್ತಲಲ್ಲಿ ಒಂದು ಕಿರುಚಾಟ, ಬಟ್ಟಲು ಬಿದ್ದ ಸದ್ದು. ನನಗೆ ಜೀವ ಬಂತು. ಎರಡನೆಯ ದೋಷ! ಬೇಕಾದ ಗಳಿಗೆಯಲ್ಲೇ ಕ್ಯಾಮೆರಾ ಕೈಜಾರುತ್ತದೆ.

“ಮುಖವೇ ಇಲ್ವಲ್ಲ ಅಕ್ಕ. ಯಾರು ಕಿರುಚಿದ್ರು ಅಂತ ಹೇಗೆ ಹೇಳೋದು?”

“ಮುಖ ಯಾಕೋ? ಕಿವಿ ಇಲ್ವಾ?” ಎಂದು ಹಿಂದಕ್ಕೆ ಎಳೆದು ಮತ್ತೆ ಹಾಕಿದಳು. ಕಿರುಚಾಟದಲ್ಲಿ ಒಂದು ಮಾತಿತ್ತು: “ಅಕ್ಕಾ!”

ಮೂವರಿದ್ದ ಕೋಣೆಯಲ್ಲಿ ಅಕ್ಕ ಇದ್ದದ್ದು ಒಬ್ಬನಿಗೇ. ಅವಳು ಮನೆಗೆ ಹಿರಿಮಗಳು. ಭಾವ ಹೆಂಡತಿಯನ್ನು ಹಾಗೆ ಕರೆಯುವ ಸಂಭವ ಇರಲಿಲ್ಲ.

“ಸಿನಿಮಾದೊಳಗಿನ ದನಿ ಇರಬಹುದು,” ಎಂದೆ.

“ಓಹೋ, ಫಾರಿನ್ ದೆವ್ವ ನನ್ನ ಅಕ್ಕಾ ಅಂತ ಕೂಗ್ತಾ? ಅದ್ಯಾವಾಗ ಕಣೋ ನಂಗೆ ತಮ್ಮ ಆಗಿದ್ದು?”

ಭಾವ ಬಾಯಿಬಿಟ್ಟರು. “ಒಪ್ಕೊಂಬುಡಪ್ಪಾ. ಬಟ್ಟಲು ಎಸ್ದಿದ್ದೂ ನೀನೇ. ಏಟು ಬಿದ್ದಿದ್ದು ನನ್ ತಲೆಗೆ, ಯಾವ್ ಕಡೆಯಿಂದ ಬಂತು ಅಂತ ಗೊತ್ತಿಲ್ವಾ?”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಭಾವ?”

“ನೀನು ಹೇಳೋದು ಚೆನ್ನಾಗಿರ್ತಿತ್ತು ಕಣಪ್ಪಾ,” ಎಂದು ಭಾವ ಅಕ್ಕನ ಕಡೆ ನೋಡಿ, ನೋಡಬಾರದಿತ್ತು ಎಂಬಂತೆ ಕಿಟಕಿಯ ಕಡೆ ತಿರುಗಿದರು.

ಅವರು ಹೋದ ಮೇಲೆ ನೆನಪನ್ನು ಇನ್ನೊಮ್ಮೆ ಹಾಕಿ ನೋಡಿದೆ. ನಾನು ಮಿಸುಕದೆ ಕೂತಿದ್ದೇನೆ, ಹಣೆ ಖಾಲಿ, ಮುಖದಲ್ಲಿ ತೆಳು ನಗೆ. ಎಲ್ಲ ಸ್ಪಷ್ಟ, ಎದುರಿನಿಂದ. ಆದರೆ ನನ್ನ ಮುಖವನ್ನು ಎದುರಿನಿಂದ ನಾನು ಹೇಗೆ ನೋಡಿದೆ? ‘ಜೀವ ಉಳಿಸಿಕೊಳ್ಳಲು ಓಡುವವನು ಕ್ಯಾಮೆರಾ ಯಾಕೆ ಹಿಡಿದಿದ್ದಾನೆ?’ ಎಂಬುದು ಆ ಸಿನಿಮಾದ ಮೇಲೆ ನನ್ನ ದೊಡ್ಡ ಆಕ್ಷೇಪವಾಗಿತ್ತು. ನೆನಪಿನ ಕ್ಯಾಮೆರಾ ಹಿಡಿದವರು ಯಾರು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಸಂಜೆ ಕೂಟದ ಸಭೆಗೆ ಅಕ್ಕ ಮಗಳನ್ನು ಕರೆತಂದು ಮೊದಲ ಸಾಲಿನಲ್ಲೇ ಕೂತಳು. ದೋಷಗಳನ್ನು ಬೇಗ ಮುಗಿಸಿದೆ. ಗುಣಕ್ಕೆ ಬಂದು, ಈ ಸಿನಿಮಾ ದೆವ್ವದ ಕಥೆಯಿಂದ ‘ಅಂತೆ’ಯನ್ನು ಕಿತ್ತುಹಾಕುತ್ತದೆ, ನೋಡಿದವನ ಕಣ್ಣನ್ನೇ ನಮಗೆ ಕೊಡುತ್ತದೆ, ಅದಕ್ಕೇ ಅಷ್ಟು ಹೆದರಿಸುತ್ತದೆ ಎಂದೆ. ಜನ ತಲೆಯಾಡಿಸಿದರು. ಅಕ್ಕ ಆಡಿಸಲಿಲ್ಲ.

“ಉದಾಹರಣೆಗೆ, ಮಂಚದ ಕೆಳಗಿನಿಂದ ಕೈ ಬಂದಾಗ ನಾನು ಕಿರುಚಿದೆನಂತೆ.”

“ಅಂತೆ ತೆಗಿಯೋ!”

ಸಭೆ ನಕ್ಕಿತು. ನಾನು ನೀರು ಕುಡಿದೆ.

“ಕಿರುಚಿದೆ,” ಎಂದೆ.

“ಬಟ್ಟಲು?”

“ಬಟ್ಟಲೂ ನಾನೇ ಎಸೆದೆ.”

ಅಕ್ಕ ಮಗಳ ಕಡೆ ತಿರುಗಿದಳು. “ಕೇಳಿಸ್ಕೊಂಡ್ಯೇನೇ?”