ಶುಗರ್ ಉಂಟಾ?

“ಸಾರ್, ನಿಮಗೆ ಶುಗರ್ ಉಂಟಾ?”

ಸಿದ್ಧಕಟ್ಟೆಯ ಹೋಟೆಲಿನಲ್ಲಿ ಯಜಮಾನ ಹಸನಾಕ ಚಹಾದ ಗ್ಲಾಸಿನ ಮೇಲೆ ಸಕ್ಕರೆ ಚಮಚ ಎತ್ತಿ ಹಿಡಿದು ಕೇಳಿದರು. ಐವತ್ತರ ಆಸುಪಾಸಿನ ಗಿರಾಕಿಗಳಿಗೆಲ್ಲ ಅವರು ಕೇಳುವ ಮಾಮೂಲಿ ಪ್ರಶ್ನೆ. ನನಗೆ ಮಾತ್ರ ಬೆವರು ಬಂತು.

“ಗೊತ್ತಿಲ್ಲ” ಎಂದೆ.

“ಗೊತ್ತಿಲ್ಲ ಅಂದ್ರೆ ಎಂತ ಮಾರಾಯ್ರೆ? ಒಂದೋ ಉಂಟು, ಇಲ್ಲದಿದ್ರೆ ಇಲ್ಲ.”

“ಟೆಸ್ಟ್ ಮಾಡಿಸಿಲ್ಲ. ಅರ್ಧ ಚಮಚ ಹಾಕಿ.”

ಇದ್ದರೆ ಅರ್ಧ ಅಪಾಯ, ಇಲ್ಲದಿದ್ದರೆ ಅರ್ಧ ನಷ್ಟ. ಹೇಗಿದೆ ಲೆಕ್ಕಾಚಾರ?

ಅಪ್ಪನಿಗೆ ಶುಗರ್ ಇತ್ತು. ಹಾಗಾಗಿ ಕಾಲು ಜೋಮು ಹಿಡಿದರೂ ನನಗೆ ಭಯ, ಬಾಯಾರಿದರೂ ಭಯ. (ಮಧ್ಯಾಹ್ನ ತಿಂದ ಒಣಮೀನಿನ ಚಟ್ನಿ ಆಗ ನೆನಪಾಗುವುದಿಲ್ಲ.) ಇಷ್ಟು ಹೆದರುವವನು ಟೆಸ್ಟ್ ಯಾಕೆ ಮಾಡಿಸಲಿಲ್ಲ? ಅದನ್ನು ತಿಳಿಯಲು ಮೊಬೈಲಿನಲ್ಲಿ ಮನಶ್ಶಾಸ್ತ್ರ ಓದಿದೆ. ಕಾಯಿಲೆ ತನಗೂ ಬಂದೀತು, ಮದ್ದಿನಿಂದ ಪ್ರಯೋಜನವಿದೆ, ದಾರಿಯಲ್ಲಿ ದೊಡ್ಡ ಅಡ್ಡಿಯೇನಿಲ್ಲ ಎಂದು ನಂಬಿದವನು ಎದ್ದು ಹೊರಡುತ್ತಾನಂತೆ. ಇನ್ನೊಂದು ಸಿದ್ಧಾಂತದ ಪ್ರಕಾರ ಮನುಷ್ಯ ಬದಲಾಗುವುದು ಮೆಟ್ಟಿಲು ಹತ್ತಿದ ಹಾಗೆ: ಮೊದಲು ಯೋಚನೆ, ಮತ್ತೆ ತಯಾರಿ, ಆಮೇಲೆ ಕೆಲಸ. ನಾನು ತಯಾರಿಯ ಮೆಟ್ಟಿಲಿನಲ್ಲೇ ಮನೆ ಕಟ್ಟಿ ಒಕ್ಕಲಾಗಿದ್ದೇನೆ.

“ಓದಿದ್ದು ಸಾಕು. ನಾಳೆ ಖಾಲಿ ಹೊಟ್ಟೆಯಲ್ಲಿ ಹೊರಡಿ” ಎಂದಳು ಹೆಂಡತಿ ಸುಮತಿ.

ಹೊರಟೆ. ಲ್ಯಾಬ್ ಇರುವುದು ಮೂಡುಬಿದಿರೆಯಲ್ಲಿ. ನೆಟ್ಟಗೆ ರಸ್ತೆ ಇದೆ. ನಾನು ವೇಣೂರು ಸುತ್ತಿ ಹೋದೆ. ವೇಣೂರಿನಲ್ಲಿ ದೊಡ್ಡಮ್ಮನ ಮನೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಬೇಡ ಎನ್ನುವುದುಂಟೇ? ಬೆಲ್ಲ ಬಾಯಿಗೆ ಹೋಯಿತು, ಖಾಲಿ ಹೊಟ್ಟೆ ಹೋಯಿತು, ಟೆಸ್ಟೂ ಹೋಯಿತು. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ.

“ನೆಟ್ಟಗಿನ ರಸ್ತೆಗೆ ಎಂತ ಆಗಿದೆ?” ಸುಮತಿ ಕೇಳಿದಳು.

“ಆ ದಾರಿಯಲ್ಲಿ ನಮ್ಮ ಸಂಬಂಧಿಕರು ಯಾರೂ ಇಲ್ವಲ್ಲ!”

(ಈ ಉತ್ತರ ಯಾವ ಸಿದ್ಧಾಂತದಲ್ಲೂ ಸಿಗಲಿಲ್ಲ.)

ಆಮೇಲೆ ಅದೇ ದೊಡ್ಡಮ್ಮನ ಮೊಮ್ಮಗಳ ಮದುವೆ ಬಂತು. ಊಟದ ಪಂಕ್ತಿಯಲ್ಲಿ ಕಡ್ಲೆಬೇಳೆ ಪಾಯಸದ ಬಕೆಟು ನನ್ನ ಎಲೆಯ ಮುಂದೆ ನಿಂತಿತು. ಸೌಟು ಎದ್ದಿತು.

“ಅವನಿಗೆ ಬೇಡ!” ದೊಡ್ಡಮ್ಮ ಆಚೆಯಿಂದ ಕೂಗಿದರು. “ಅವನಿಗೆ ಶುಗರ್ ಉಂಟು!”

“ಯಾರು ಹೇಳಿದ್ದು ದೊಡ್ಡಮ್ಮ?”

“ಹಸನಾಕನ ಹೋಟೆಲಿನಲ್ಲಿ ಅರ್ಧ ಚಮಚದ ಚಹಾ ಕುಡಿತಿಯಂತೆ. ಶುಗರ್ ಇಲ್ಲದವ ಯಾಕೆ ಹಾಗೆ ಕುಡಿತಾನೆ? ನನ್ನ ಹತ್ರ ಒಂದು ಮಾತು ಹೇಳದೆ ಬೆಲ್ಲ ತಿಂದು ಹೋದಿಯಲ್ಲ ಮಗಾ!”

ಬಕೆಟು ಮುಂದೆ ಹೋಯಿತು. ಪಕ್ಕದ ಎಲೆಯವರು ಎರಡನೇ ಸಲ ಬಡಿಸಿಕೊಂಡು ನನ್ನತ್ತ ಕನಿಕರದಿಂದ ನೋಡಿದರು.

ಮರುದಿನ ಬೆಳಿಗ್ಗೆ ನೆಟ್ಟಗಿನ ರಸ್ತೆ ಹಿಡಿದೆ. ಅಪ್ಪನ ಕಾಯಿಲೆ ನನ್ನನ್ನು ಹೊರಡಿಸಿರಲಿಲ್ಲ, ಸುಮತಿಯ ಕೆಂಗಣ್ಣೂ ಹೊರಡಿಸಿರಲಿಲ್ಲ. ತಪ್ಪಿಹೋದ ಒಂದು ಸೌಟು ಪಾಯಸ ಹೊರಡಿಸಿತು. ಪಾಯಸ ತಿನ್ನುವ ಹಕ್ಕಿಗಾಗಿ ಶುಗರ್ ಟೆಸ್ಟಿಗೆ ಹೋದವನನ್ನು ಪಂಡಿತರು ಯಾವ ಮೆಟ್ಟಿಲಿನಲ್ಲಿ ಕೂರಿಸುತ್ತಾರೆ?

ಸಂಜೆ ರಿಪೋರ್ಟ್ ಬಂತು. “ಬಾರ್ಡರಿನಲ್ಲಿ ಉಂಟು. ಈಗಲೇ ಬಂದದ್ದು ಒಳ್ಳೆಯದಾಯ್ತು. ದಿನಾ ನಡೆಯಿರಿ, ಸಿಹಿ ಕಡಿಮೆ ಮಾಡಿ” ಎಂದರು ಡಾಕ್ಟರು.

ಬಾರ್ಡರ್ ತಾನೇ ಎಂದು ನಾನು ಹಿಗ್ಗಿದೆ. ಸುಮತಿ ಹಿಗ್ಗಲಿಲ್ಲ. ಅವಳ ತವರು ಕೇರಳದ ಗಡಿಗೆ ತಾಗಿದ ಕನ್ಯಾನ.

“ಬಾರ್ಡರ್ ಅಂದ್ರೆ ಎಂತ ಅಂತ ನನಗೆ ಗೊತ್ತುಂಟು” ಎಂದಳು. “ಆಚೆ ದಾಟ್ಲಿಕ್ಕೆ ಐದು ನಿಮಿಷ ಸಾಕು.”

ಮರುದಿನ ಹಸನಾಕ ಚಮಚ ಎತ್ತಿ ಹಿಡಿದೇ ಕಾಯುತ್ತಿದ್ದರು. “ಈಗ ಹೇಳಿ ಸಾರ್. ಉಂಟಾ, ಇಲ್ವಾ?”

“ಬಾರ್ಡರಿನಲ್ಲಿ ಉಂಟು.”

“ಹಾಗಾದ್ರೆ ಮೊದಲಿನ ಹಾಗೆ ಅರ್ಧ ಚಮಚವೇ ಅಲ್ವಾ ಮಾರಾಯ್ರೆ?”

ಇಷ್ಟು ತಿಳಿಯಲು ನನ್ನ ರಕ್ತವೇ ಬೇಕಿತ್ತೇ?