ಕಾಲ್ಬೆರಳು ನೋಡುವ ಗುಲ್ಷನ್

ಗುಲ್ಷನ್ ತಿಪಟೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ. ಕರುಳಿನೊಳಗೆ ಕ್ಯಾಮೆರಾ ನಳಿಕೆ ಬಿಟ್ಟು ನೋಡುವ ಕೋಣೆ ಅವಳದು. ಹಾಸಿಗೆ ಹಾಸುವುದು, ರೋಗಿಯನ್ನು ಮಗ್ಗುಲಾಗಿಸುವುದು, ಒರೆಸುವುದು, ಕೈ ಹಿಡಿದು ನಿಲ್ಲುವುದು. ಕೊನೆಯದು ಯಾರೂ ಹೇಳಿದ ಕೆಲಸವಲ್ಲ.

ಗಂಡಸರು ಪೂರ್ತಿ ಮತ್ತಿನ ಮದ್ದು ಕೇಳುತ್ತಾರೆ. ಹೆಂಗಸರು ಕಡಿಮೆ ಸಾಕೆನ್ನುತ್ತಾರೆ. ಪೂರ್ತಿ ಕೊಟ್ಟರೆ ಆ ದಿನವೆಲ್ಲ ಮಲಗಿರಬೇಕು. ಮಲಗಿದರೆ ಸಂಜೆ ಒಲೆ ಹಚ್ಚುವವರಿಲ್ಲ.

ಆರು ವರ್ಷದ ಹಿಂದೆ ಶೆಟ್ಟಿಕೆರೆಯ ರಂಗಮ್ಮನೂ ಕಡಿಮೆ ಸಾಕು ಅಂದಿದ್ದಳು. "ನೋವಾಗ್ತಿದೆಯಾ?" ಎಂದು ಡಾಕ್ಟರು ಮೂರು ಸಲ ಕೇಳಿದರು. ಮೂರು ಸಲವೂ "ಇಲ್ಲ ಬುಡಿ" ಅಂದಳು. ಒಳ್ಳೆ ಪೇಶೆಂಟು ಎಂದು ಎಲ್ಲರೂ ಮೆಚ್ಚಿದರು. ನಳಿಕೆ ಸರಿದಾಗಲೆಲ್ಲ ಅವಳ ಕಾಲ್ಬೆರಳು ಮುದುಡಿದ್ದನ್ನು ಗುಲ್ಷನ್ ನೋಡಿದ್ದಳು. ಚಳಿಯಿರಬೇಕೆಂದು ಹೊದಿಕೆ ಎಳೆದು ಮುಚ್ಚಿದ್ದಳು. ಮುಗಿದ ಮೇಲೆ ಮುಷ್ಟಿ ಬಿಡಿಸಿದರೆ ಅಂಗೈಯಲ್ಲಿ ನಾಲ್ಕು ಉಗುರಿನ ಗಾಯ, ರಕ್ತ.

ಕರುಳಲ್ಲಿ ಕಂಡ ದೊಡ್ಡ ಗಂಟು ತೆಗೆಸಲು ರಂಗಮ್ಮ ತಿಂಗಳು ಬಿಟ್ಟು ಬರಬೇಕಿತ್ತು. ಬರಲಿಲ್ಲ. ಎರಡು ವರ್ಷದ ಮೇಲೆ ಅವಳ ತಂಗಿ ರಾಧಾಮಣಿ ಬಂದು, "ಸಾಯೋಗಂಟ ಅಕ್ಕ ಅದೇ ಹೇಳೋಳು ಕಣ್ರೀ, ಆ ಮಂಚ ಇನ್ನೊಂದ್ ಕಿತ ಹತ್ತಲ್ಲ ಅಂತ" ಅಂದಳು.

ಅಂದಿನಿಂದ ರೊಟ್ಟಿಯ ಹಿಟ್ಟು ನಾದುವಾಗ ಗುಲ್ಷನ್ ಅಂಗೈ ಒಮ್ಮೊಮ್ಮೆ ನಾಲ್ಕು ಕಡೆ ಉರಿಯುತ್ತದೆ. "ಮೆಣಸಿನಕಾಯಿ ಮುಟ್ಟಿರ್ತೀಯ" ಅನ್ನುತ್ತಾನೆ ಗಂಡ ಖಾಸಿಂ ಸಾಬ್, ತಟ್ಟೆಯಿಂದ ತಲೆ ಎತ್ತದೆ.

ಈ ಸೋಮವಾರ ದಂಡಿನಶಿವರದ ಕಲ್ಲಮ್ಮ ಬಂದಳು. ಮಲದಲ್ಲಿ ರಕ್ತ. ಪರೀಕ್ಷೆ ಅರ್ಧಕ್ಕೆ ನಿಂತರೆ ಮತ್ತೆ ಬರುವವಳಲ್ಲ ಎಂದು ಗುಲ್ಷನ್‌ಗೆ ಮುಖ ನೋಡಿಯೇ ತಿಳಿಯಿತು.

"ಮತ್ತಿನ ಮದ್ದು ಚೂರೇ ಸಾಕು ಕಣವ್ವ. ನಮ್ ಹಸ ನನ್ನ್ ಬುಟ್ರೆ ಯಾರಿಗೂ ಹಾಲು ಬುಡಕಿಲ್ಲ."

"ನಿಮ್ ಯಜಮಾನ್ರಿಗೆ ಒದೀತದಾ?"

"ಅವ್ರು ಹತ್ರಕ್ಕೋದ್ರೆ ತಾನೆ ಒದ್ಯಾಕೆ."

ಗುಲ್ಷನ್ ಅವಳ ಕೈಯೊಳಗೆ ತನ್ನ ಕೈ ಇಟ್ಟಳು. "ಬಾಯಲ್ಲಿ ಹೇಳೋದ್ ಬ್ಯಾಡ. ನೋವಾದ್ರೆ ಹಿಂಡಿ."

ನಳಿಕೆ ಕರುಳಿನ ಮೊದಲ ತಿರುವಿಗೆ ಬಂತು. ಕಲ್ಲಮ್ಮನ ಕೈ ಸಡಿಲವಾಗಿಯೇ ಇತ್ತು.

"ಯಾಕಕ್ಕ ಹಿಂಡಲ್ಲ?"

"ನಿಮ್ ಕೈಗೂ ಸಂಜೆ ಕ್ಯಾಮೆ ಇರ್ತದಲ್ಲವ್ವ."

ಗುಲ್ಷನ್ ಹೊದಿಕೆಯ ತುದಿ ಎತ್ತಿದಳು. ಕಾಲ್ಬೆರಳು ಹತ್ತೂ ಮುದುಡಿ ಬಿಳಚಿದ್ದವು.

"ನಿಲ್ಸಿ ಸರ್."

"ಅವರೇನೂ ಹೇಳ್ಲಿಲ್ವಲ್ಲ?" ಅಂದರು ಡಾಕ್ಟರು.

"ಹೇಳಲ್ಲ ಸರ್. ಕಾಲು ನೋಡಿ."

ಡಾಕ್ಟರು ನಿಲ್ಲಿಸಿ, ಒಳಗೆ ತುಂಬಿದ್ದ ಗಾಳಿ ತೆಗೆದು, ಬೆಚ್ಚಗಿನ ನೀರು ಬಿಟ್ಟರು. ಗುಲ್ಷನ್ ಕಲ್ಲಮ್ಮನ ಹೊಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಕಾಲ್ಬೆರಳು ನಿಧಾನಕ್ಕೆ ಬಿಚ್ಚಿಕೊಂಡವು. ಆಮೇಲೆ ಎರಡು ಸಲ ಮುದುಡಿದವು. ಎರಡು ಸಲವೂ ನಿಂತು ಮುಂದುವರಿದರು. ಪರೀಕ್ಷೆ ಕೊನೆ ಮುಟ್ಟಿತು. ಒಳಗೆ ಕಂಡ ಸಣ್ಣ ಗಂಟೊಂದನ್ನು ಡಾಕ್ಟರು ಅಲ್ಲೇ ತೆಗೆದರು.

ಸೀರೆ ಸರಿಪಡಿಸಿಕೊಳ್ಳುತ್ತಾ ಕಲ್ಲಮ್ಮ ಕೇಳಿದಳು: "ಕಾಲು ನೋಡಾಕೆ ಯಾರ್ ಹೇಳ್ಕೊಟ್ರವ್ವ?"

"ಶೆಟ್ಟಿಕೆರೆಯವ್ರು ಒಬ್ರು."

"ಅವ್ರೂ ಇಲ್ಲೇ ಅವ್ರಾ?"

ಗುಲ್ಷನ್ ಖಾಲಿ ಮಂಚ ಒರೆಸುತ್ತಿದ್ದಳು. "ಹೂಂ, ಇಲ್ಲೇ ಇದಾರೆ. ನೀವು ವರ್ಷ ಬಿಟ್ಟು ಇನ್ನೊಂದ್ ಸಲ ಬರ್ಬೇಕು."

"ನೀವಿಬ್ರೂ ಇದ್ರೆ ಬತ್ತೀನಿ" ಎಂದು ಕಲ್ಲಮ್ಮ ಚಪ್ಪಲಿ ಮೆಟ್ಟಿದಳು.

ಗುಲ್ಷನ್ ನಲ್ಲಿಗೆ ಕೈಯೊಡ್ಡಿದಳು. ನೀರು ತಾಕಿದೊಡನೆ ಅಂಗೈಯ ನಾಲ್ಕು ಕಡೆ ಉರಿಯಿತು.