ಮೂರನೇ ಸಲ ಕೇಳಲೇ ಇಲ್ಲ

ಬೇಡ ಅಂದರೆ ನಿಜವಾಗಿಯೂ ಬೇಡ ಅಂತಲೇ ತಿಳಿದುಕೊಳ್ಳುವ ಜನ ಈ ಭೂಮಿಯ ಮೇಲಿದ್ದಾರೆ. ಹೋದ ತಿಂಗಳು ನಾನು ಅವರ ಕೈಗೆ ಸಿಕ್ಕಿಬಿದ್ದೆ.

ನಿಮಗೆ ಗೊತ್ತೇ ಇದೆ, ಆಫೀಸು ಮುಗಿಸಿ ಬಂದ ಮೇಲೆ ನನಗೊಂದು ಹುಚ್ಚು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ತಿಳಿದವರು ತಿದ್ದಲೂಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದಕ್ಕೆ ಕನ್ನಡ ಕಲಿಸುವುದು. (ಸಂಬಳ ಎಷ್ಟು ಅಂತ ಅಮ್ಮ ಈಗಲೂ ಕೇಳುತ್ತಾಳೆ. ನಾನು ಈಗಲೂ ಮಾತು ಬದಲಿಸುತ್ತೇನೆ.)

ಅದನ್ನು ನಡೆಸುವುದು ಲಾಭದ ಆಸೆಯಿಲ್ಲದ, ದೂರದೇಶದ ಒಂದು ಸಂಸ್ಥೆ. ಅದಕ್ಕೊಂದು ಬೋರ್ಡು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸುವವರು ಅವರೇ. ಅವರಲ್ಲಿ ಒತ್ತಕ್ಷರ ಬರೆದವರು ಒಬ್ಬರೂ ಇಲ್ಲ. ನಮ್ಮ ಕನ್ನಡ ಪ್ರಿಂಟ್ ಆಗುವಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿ ಬೀಳುತ್ತದೆ. ನಾವು ದೂರು ಕೊಡುತ್ತಲೇ ಇದ್ದೇವೆ, ಅದು ‘ಆಮೇಲೆ’ಯ ಸಾಲಿನಲ್ಲೇ ಇದೆ. ಆ ಬೋರ್ಡಿನಲ್ಲಿ ನಮ್ಮವರು ಒಬ್ಬರಾದರೂ ಕೂರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಮ್ಮವರು ಅಂದರೆ ಯಾರು ಅಂತ ಬಿಡಿಸಿ ಹೇಳಬೇಕೆ?

ಹೋದ ತಿಂಗಳು ಬೋರ್ಡಿಗೆ ಚುನಾವಣೆ ಬಂತು. ನನ್ನ ಜೊತೆ ಈ ಕನ್ನಡದ ಕೆಲಸ ಮಾಡುವ ತಂಡದ ಚೈತ್ರಾ, ಹನುಮಂತನಗರದ ಹುಡುಗಿ, ನನ್ನ ಹೆಸರು ಸೂಚಿಸಿದಳು. ಸಂಸ್ಥೆಯಿಂದ ಈಮೇಲ್ ಬಂತು: ಸ್ಪರ್ಧಿಸಲು ಒಪ್ಪಿಗೆಯೇ? ಕೂಡಲೇ ಉತ್ತರ ಬರೆದೆ. ‘ನನ್ನನ್ನು ನೆನೆದಿದ್ದಕ್ಕೆ ಕೃತಜ್ಞ. ಆದರೆ ನನಗಿಂತ ಯೋಗ್ಯರು ಬಹಳ ಜನರಿದ್ದಾರೆ. ದಯವಿಟ್ಟು ನನ್ನನ್ನು ಬಿಟ್ಟುಬಿಡಿ.’

ಬಿಟ್ಟೇಬಿಟ್ಟರು! ಕೈಯಲ್ಲಿದ್ದ ಕಾಫಿ ಆರುವುದರೊಳಗೆ ಉತ್ತರ: ‘ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ.’

ಗೌರವ ಯಾರಿಗೆ ಬೇಕಿತ್ತು ಸ್ವಾಮಿ? ಒತ್ತಾಯ ಮಾಡಬೇಕಿತ್ತು!

ನಗಬೇಡಿ. ನಾನು ಬೆಳೆದದ್ದು ಚಾಮರಾಜಪೇಟೆಯಲ್ಲಿ. ನಮ್ಮ ಬೀದಿಯ ತುದಿಗೆ ಒಂದು ವಾಚನಾಲಯವಿತ್ತು. ಹೆಂಚಿನ ಸೂರು, ಉದ್ದನೆಯ ಬೆಂಚು, ಕೋಲಿಗೆ ಸಿಕ್ಕಿಸಿದ ಪೇಪರು. ವರ್ಷಕ್ಕೊಂದು ಭಾನುವಾರ ಸದಸ್ಯರೆಲ್ಲರ ಸಭೆ. ಕಾರ್ಯದರ್ಶಿ ಯಾರಾಗಬೇಕು ಅನ್ನುವ ಮಾತು ಬಂದ ತಕ್ಷಣ ಎಲ್ಲರೂ ನಮ್ಮಪ್ಪನ ಕಡೆ ತಿರುಗುತ್ತಿದ್ದರು.

‘ಅಯ್ಯೋ, ನಂಗೆ ಬೇಡಪ್ಪ. ಹೊಸಬರು ಬರ್ಲಿ’ ಅನ್ನುತ್ತಿದ್ದರು ಅಪ್ಪ.

‘ಎಲ್ಲಾದ್ರೂ ಉಂಟೇ? ನೀವಿಲ್ದೆ ಹೇಗೆ ಸಾರ್?’

‘ಇಲ್ಲ ಇಲ್ಲ, ಆರೋಗ್ಯ ಬೇರೆ ಸರಿಯಿಲ್ಲ.’

‘ನಾವೆಲ್ಲ ಇದೀವಲ್ಲ, ನೀವು ಸುಮ್ನೆ ಒಪ್ಕೊಳ್ಳಿ.’

ಮೂರನೇ ಸಲ ಕೇಳಿದಾಗ ಅಪ್ಪ ನಿಟ್ಟುಸಿರು ಬಿಟ್ಟು, ‘ನಿಮ್ಮೆಲ್ಲರ ಇಷ್ಟ’ ಅಂತ ಎದ್ದು ನಿಲ್ಲುತ್ತಿದ್ದರು. ಚಪ್ಪಾಳೆ. ಆಮೇಲೆ ಉಪ್ಪಿಟ್ಟು, ಕಾಫಿ. ಬೇಡ ಅನ್ನಲು ಹೊರಟವರು ಬೆಳಿಗ್ಗೆಯೇ ಇಸ್ತ್ರಿ ಶರ್ಟು ಹಾಕಿಕೊಂಡು, ಇಂಕು ತುಂಬಿದ ಪೆನ್ನು ಜೇಬಿಗೆ ಸಿಕ್ಕಿಸಿ ಹೋಗಿದ್ದು ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ.

ಆಗ ಎಲ್ಲವೂ ಹಾಗೇ. ಯಾರ ಮನೆಗೆ ಹೋದರೂ ‘ಕಾಫಿ ಬೇಡ, ಈಗಷ್ಟೇ ಆಯ್ತು’ ಅನ್ನಬೇಕು. ಅಷ್ಟು ಹೊತ್ತಿಗೆ ಒಳಗೆ ಹಾಲು ಕಾಯುತ್ತಿರಬೇಕು. ನಿಮ್ಮನ್ನು ಕಂಡರೆ ನಮಗಿಷ್ಟ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇನ್ನೊಂದು ಸಲ ಕೇಳುತ್ತಿದ್ದರು, ಅಷ್ಟೇ. ಹಾಗೆ ಕೇಳುತ್ತಿದ್ದ ದನಿಗಳು ಈಗ ತುಂಬಾ ನೆನಪಾಗುತ್ತವೆ. ವಾಚನಾಲಯದ ಜಾಗದಲ್ಲಿ ಇವತ್ತು ಮೊಬೈಲ್ ಅಂಗಡಿಯಿದೆ. ಬೇಡ ಅಂದರೆ ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ.

ನಾನು ಬೇಡ ಅಂತ ಬರೆದ ಮಾರನೆಯ ದಿನ ಚೈತ್ರಾಳ ಫೋನು.

‘ಸರ್, ಬೇಡ ಅಂದ್ಬಿಟ್ರಂತೆ?’

‘ಅದು... ಮಾತಿಗೆ ಅಂದಿದ್ದಮ್ಮ.’

‘ಮಾತಿಗಾ? ಅವ್ರಿಗೆ ಹೇಗೆ ಗೊತ್ತಾಗತ್ತೆ ಸರ್! ಇವತ್ತು ಸಂಜೆ ತನಕ ಟೈಮಿದೆ. ಯಾಕೆ ನೀವೇ ಆಗ್ಬೇಕು ಅಂತ ನಾಕು ಸಾಲು ಬರ್ದು, ನಿಮ್ಮ ಹೆಸರು ನೀವೇ ಹಾಕ್ಬೋದು. ಬೇಕೋ ಬೇಡ್ವೋ, ಈಗ್ಲೇ ಹೇಳ್ಬಿಡಿ.’

ನನ್ನ ಹೆಸರು ನಾನೇ ಹಾಕುವುದೇ? ಯಾಕೆ ನಾನೇ ಆಗಬೇಕು ಅಂತ ನಾನೇ ಬರೆಯುವುದೇ? ಅಪ್ಪ ಇದ್ದಿದ್ದರೆ ತಲೆ ತಗ್ಗಿಸುತ್ತಿದ್ದರು. ಆದರೆ ಪಕ್ಕಕ್ಕೆ ಜಾರಿದ ಆ ಒತ್ತಕ್ಷರಗಳು ಕಣ್ಣ ಮುಂದೆ ಬಂದವು. ಅಪ್ಪ ಅವನ್ನು ನೋಡಿದ್ದರೆ ಇನ್ನೂ ಜಾಸ್ತಿ ನೊಂದುಕೊಳ್ಳುತ್ತಿದ್ದರು. ಒತ್ತಕ್ಷರದ ಕಥೆಯನ್ನೆಲ್ಲ ಬರೆದು ಕೊನೆಗೆ ಸೇರಿಸಿದೆ: ‘ನನಗೆ ಈ ಸ್ಥಾನ ಬೇಕು.’ ಅಳಿಸಿದೆ. ಮತ್ತೆ ಬರೆದೆ. ಕಿವಿ ಬಿಸಿಯಾಯಿತು. ಕಣ್ಣುಮುಚ್ಚಿ ಕಳಿಸಿಬಿಟ್ಟೆ.

ಸೋತೆ.

ಜಗತ್ತಿನ ಮೂಲೆಮೂಲೆಯ ಸದಸ್ಯರು ತಮ್ಮ ತಮ್ಮ ಮನೆಯಲ್ಲೇ ಕೂತು ಓಟು ಹಾಕಿ ಬೇರೆಯವರನ್ನು ಆರಿಸಿದರು. ಚಪ್ಪಾಳೆಯಿಲ್ಲ. ಉಪ್ಪಿಟ್ಟಂತೂ ಇಲ್ಲವೇ ಇಲ್ಲ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ?

ಮೊನ್ನೆ ಆ ಗೆದ್ದವರದ್ದೇ ಈಮೇಲ್. ನಾನು ಬರೆದ ಒತ್ತಕ್ಷರದ ಕಥೆಯನ್ನು ಓದಿದರಂತೆ. ಭಾಷೆಗಳಿಗಾಗಿಯೇ ಒಂದು ಸಮಿತಿ ಮಾಡುತ್ತಿದ್ದಾರಂತೆ, ಅದರ ಮೊದಲ ಕೆಲಸ ನಮ್ಮ ಒತ್ತಕ್ಷರವೇ ಅಂತೆ. ನಡೆಸಿಕೊಡುತ್ತೀರಾ ಅಂತ ಕೇಳಿದ್ದರು. ‘ಖಂಡಿತ’ ಅಂತ ಅದೇ ಕ್ಷಣ ಉತ್ತರ ಕೊಟ್ಟೆ. ಹಿಂದೆಮುಂದೆ ನೋಡಲೇ ಇಲ್ಲ.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳ ಮುಖ ಅರಳಿತು. ‘ನಿಮ್ಮಪ್ಪ ಇರ್ಬೇಕಿತ್ತು’ ಅಂದಳು. ಕಾಫಿ ಲೋಟ ಕೈಗಿಟ್ಟಳು. ಆಮೇಲೆ ಏನೋ ನೆನಪಾದವಳಂತೆ ತಿರುಗಿ ಕೇಳಿದಳು:

‘ಅಲ್ವೋ, ಒಂದ್ ಸಲನಾದ್ರೂ ಬೇಡ ಅನ್ಬಾರ್ದಿತ್ತಾ?’